ಮಂಡೆಗೆ ತಾಗಿದ್ದನ್ನು ಆಟಗಾರರು ಮುಚ್ಚಿಡುವುದು ಯಾಕೆ? ಕಬಡ್ಡಿ, ಫುಟ್‌ಬಾಲ್ ಆಡಿದವರು ದಯವಿಟ್ಟು ಹೇಳಿ

ಉಡುಪಿಯ ಪಿ.ಡಿ.
ಗುರುವಾರ, ರಾತ್ರಿ 9.10

ಉಡುಪಿ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕ. ಕಾಲೇಜಿನ ಹೆಸರು, ಹುಡುಗನ ಹೆಸರು ಬೇಡ.

ಕಳೆದ ಶನಿವಾರ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಕ್ಕೆ ನಮ್ಮ ತಂಡ ಹೋಗಿತ್ತು. ಸೆಮಿಫೈನಲ್, ದ್ವಿತೀಯಾರ್ಧ, ನಾವು ಮೂರು ಅಂಕ ಹಿಂದೆ. ನಮ್ಮ ಲೆಫ್ಟ್ ಕಾರ್ನರ್ (ಎಡ ತುದಿಯಲ್ಲಿ ನಿಂತು ಹಿಡಿಯುವ) ಹುಡುಗ ರೈಡರ್‌ನ ಪಾದಕ್ಕೆ ಹಾರಿದ. ಅದೇ ಹೊತ್ತಿಗೆ ಕವರ್‌ನಲ್ಲಿದ್ದವನು ಡ್ಯಾಶ್ ಕೊಟ್ಟ, ಅಂದರೆ ಮೈಯಿಂದ ಗುದ್ದಿ ತಳ್ಳಿದ. ರೈಡರ್ ವಾಲಿ ಬಿದ್ದಾಗ ಅವನ ಮೊಣಕಾಲು ನೇರವಾಗಿ ನಮ್ಮ ಹುಡುಗನ ಕಿವಿಯ ಮೇಲ್ಗಡೆ ಬಡಿಯಿತು. ಅಂಕ ನಮಗೆ ಸಿಕ್ಕಿತು. ಮೈಕಿನವರ ಬೊಬ್ಬೆ, ಸುತ್ತಲೂ ಕೇಕೆ. ಹುಡುಗ ಎದ್ದ, ಎದುರು ತಂಡದ ಅಂಕಣದ ಕಡೆಗೆ ನಾಲ್ಕು ಹೆಜ್ಜೆ ನಡೆದ. ನಮ್ಮ ಕ್ಯಾಪ್ಟನ್ ಓಡಿ ಹೋಗಿ ಕೈ ಹಿಡಿದು ಈಚೆ ತಿರುಗಿಸಿದ. ಕೆಲವರು ನಕ್ಕರು. ನಾನು ಗೆರೆಯ ಹೊರಗಿಂದ ಕೂಗಿ ಕೇಳಿದೆ, "ಆಡ್ತೀಯಾ?" ಅವನು ಹೆಬ್ಬೆರಳು ಎತ್ತಿ ತೋರಿಸಿದ.

ಆಡಿದ. ಸೆಮಿಫೈನಲ್ ಗೆದ್ದೆವು, ರಾತ್ರಿ ಎರಡೂವರೆಗೆ ಫೈನಲ್ ಸೋತೆವು. ಅದನ್ನೂ ಅವನು ಪೂರ್ತಿ ಆಡಿದ.

ಬುಧವಾರ ಮಧ್ಯಾಹ್ನ ನನ್ನ ರೂಮಿನ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲಿಲ್ಲ. "ಸರ್, ಆ ಟ್ಯೂಬ್‌ಲೈಟ್ ಒಮ್ಮೆ ಆಫ್ ಮಾಡ್ಬಹುದಾ?" ಅಂದ. ಯಾವಾಗಿನಿಂದ ಹೀಗೆ ಅಂತ ಕೇಳಿದರೆ, ಶನಿವಾರದಿಂದ. ತಲೆನೋವು, ಓದಲು ಕೂತರೆ ಸಾಲು ಜಾರುವುದು, ಅನ್ನ ನೋಡಿದರೆ ವಾಕರಿಕೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ, ಆದರೆ ಇದು ಕನ್ಕಶನ್, ಅಂದರೆ ಪೆಟ್ಟಿಗೆ ಮಿದುಳು ಅಲುಗಿದ್ದು, ಗುಣವಾಗುವವರೆಗೆ ಅಂಕಣಕ್ಕೆ ಇಳಿಸಬೇಡಿ ಅಂದರು.

ನಾಲ್ಕು ದಿನ ಅವನು ಒಬ್ಬನೇ ಅದನ್ನು ಹೊತ್ತುಕೊಂಡು ತಿರುಗಿದ್ದಾನೆ. ಕಾಲು ಉಳುಕಿದರೆ ಐದು ನಿಮಿಷಕ್ಕೆ ಬಂದು ಸ್ಪ್ರೇ ಕೇಳುವ ಹುಡುಗ ಅವನು. ತಲೆಯ ವಿಷಯ ಮಾತ್ರ ಯಾಕೆ ಹೇಳಲಿಲ್ಲ? ಕೆಲವರು ತಕ್ಷಣ ಹೇಳುತ್ತಾರಲ್ಲ, ಅವರಿಗೆ ಹಾಗೆ ಹೇಳಲು ಧೈರ್ಯ ಬರುವುದು ಎಲ್ಲಿಂದ? ನಿಜವಾಗಿ ತಿಳಿಯಬೇಕು ಅಂತ ಕೇಳ್ತಿದ್ದೇನೆ.

ಉಳ್ಳಾಲದ ಗೋಲಿ
ಗುರುವಾರ, ರಾತ್ರಿ 9.42

ಸರ್, ನಾನು ಮಂಗಳೂರಿನಲ್ಲಿ ಹನ್ನೊಂದು ವರ್ಷ ಗೋಲ್‌ಕೀಪರ್ ಆಗಿದ್ದವ. ನೆಹರೂ ಮೈದಾನದಲ್ಲಿ ಒಂದು ಕಾರ್ನರ್ ಕಿಕ್‌ಗೆ ಹಾರಿದಾಗ ನಮ್ಮದೇ ಡಿಫೆಂಡರ್‌ನ ತಲೆಗೆ ನನ್ನ ತಲೆ ಬಡಿಯಿತು. ರಕ್ತ ಇಲ್ಲ, ಊತ ಇಲ್ಲ. ಚೆಂಡು ಎರಡೆರಡು ಕಾಣ್ತಿತ್ತು. ನಾನು ಹೇಳಲಿಲ್ಲ.

ಯಾಕೆ ಅಂದ್ರೆ, ತೋರಿಸ್ಲಿಕ್ಕೆ ಎಂತ ಉಂಟು? ಬೆರಳು ಮುರಿದರೆ ವಕ್ರ ಆದ ಬೆರಳು ತೋರಿಸಬಹುದು. ಹಣೆ ಒಡೆದರೆ ರಕ್ತ ನೋಡಿ ರೆಫ್ರಿಯೇ ಹೊರಗೆ ಕಳಿಸ್ತಾರೆ. "ಏನೋ ಒಂಥರಾ ಆಗ್ತಾ ಉಂಟು" ಅಂತ ಹೇಳಿ ಹೊರಗೆ ಕೂತರೆ, ಸೋಲುವ ಪಂದ್ಯದಿಂದ ತಪ್ಪಿಸಿಕೊಂಡ ಅಂತಾರೆ. ನಮ್ಮ ಬೆಂಚಿನಲ್ಲಿ ಎರಡನೇ ಗೋಲಿ ಇಪ್ಪತ್ತು ವರ್ಷದ ಹುಡುಗ, ಒಳ್ಳೆ ಆಟಗಾರ. ಅವನು ಒಮ್ಮೆ ಗ್ಲೌಸ್ ಹಾಕಿದರೆ ನನಗೆ ಮತ್ತೆ ಜಾಗ ಸಿಗ್ತದಾ? ಅದೂ ತಲೆಯಲ್ಲಿತ್ತು.

2014ರ ವಿಶ್ವಕಪ್ ಫೈನಲ್ ನೆನಪುಂಟಾ? ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್‌ಗೆ ಎದುರಾಳಿಯ ಭುಜ ಮುಖಕ್ಕೆ ಬಡಿಯಿತು. ಮತ್ತೆ ಎದ್ದು ಹತ್ತು ನಿಮಿಷಕ್ಕಿಂತ ಹೆಚ್ಚು ಆಡಿದ. ಆಮೇಲೆ ರೆಫ್ರಿ ಹತ್ತಿರ ಹೋಗಿ, ಇದು ಫೈನಲ್ಲಾ ಅಂತ ಕೇಳಿದ. ಆ ರೆಫ್ರಿಯೇ ಜರ್ಮನಿ ತಂಡಕ್ಕೆ ತಿಳಿಸಿದ್ದು. ಅಷ್ಟು ಕ್ಯಾಮೆರಾ, ಅಷ್ಟು ಡಾಕ್ಟರು ಇದ್ದ ಜಾಗದ ಕತೆ ಅದು. ನಮ್ಮ ಗದ್ದೆಯ ಅಂಕಣದಲ್ಲಿ ಯಾರು ನೋಡ್ತಾರೆ?

ಹಳೇ ಮಣ್ಣಿನ ಅಂಕಣ
ಗುರುವಾರ, ರಾತ್ರಿ 10.05

ನಾವು ಮ್ಯಾಟ್ ಬರುವ ಮೊದಲು ಮಣ್ಣಿನಲ್ಲಿ ಆಡಿದವರು. ತಲೆಗೆ ತಾಗಿದರೆ ಮುಖಕ್ಕೆ ನೀರು ಹಾಕಿ, ಒಂದು ಲಿಂಬೆ ಶರಬತ್ತು ಕುಡಿದು ಮತ್ತೆ ಇಳಿಯುತ್ತಿದ್ದೆವು. ಯಾರಿಗೂ ಏನೂ ಆಗಿಲ್ಲ. ಮಕ್ಕಳಿಗೆ ಈಗ ಎಲ್ಲದಕ್ಕೂ ಹೆದರಿಕೆ ಹುಟ್ಟಿಸಿದರೆ ಕಬಡ್ಡಿ ಆಡುವವರು ಯಾರು? ಹೆರ್ಮುಂಡೆಯಂಥ ಹಳ್ಳಿಯಿಂದ ಮಮತಾ ಪೂಜಾರಿ ಹೊರಟು ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ತಂದದ್ದು ಗಟ್ಟಿ ಮನಸ್ಸಿನಿಂದ ಅಲ್ಲವಾ? ಎದ್ದು ನಿಂತು ನಡೆದವನಿಗೆ ಏನೂ ಆಗಿಲ್ಲ ಅಂತಲೇ ಅರ್ಥ. ನನ್ನ ಅಭಿಪ್ರಾಯ ಇಷ್ಟು.

ಫಿಸಿಯೋ ಅಕ್ಕ
ಗುರುವಾರ, ರಾತ್ರಿ 10.38

ಅಣ್ಣ, ನಿಮ್ಮ ಆಟದ ಮೇಲೆ ಗೌರವ ಉಂಟು, ಆದರೆ ಆ ಕೊನೇ ಮಾತು ಮಾತ್ರ ತಪ್ಪು. ಅದನ್ನು ನಂಬಿಯೇ ಅಪಾಯ ಆಗುವುದು.

ಕನ್ಕಶನ್ ಆದವರಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಪ್ರಜ್ಞೆ ತಪ್ಪುವುದು ಹತ್ತರಲ್ಲಿ ಒಬ್ಬರಿಗೆ ಇರಬಹುದು. ಪೆಟ್ಟಿನ ರಭಸಕ್ಕೆ ತಲೆಬುರುಡೆಯ ಒಳಗೆ ಮಿದುಳು ಅಲುಗಿ, ನರಕೋಶಗಳ ಕೆಲಸ ಏರುಪೇರಾಗುತ್ತದೆ. ಮೂಳೆ ಮುರಿದ ಹಾಗೆ ಒಡಕು ಇರುವುದಿಲ್ಲ, ಅದಕ್ಕೇ ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ. ಸ್ಕ್ಯಾನ್ ಮಾಡಿಸುವುದು ರಕ್ತಸ್ರಾವ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು.

ಕ್ರಿಕೆಟಿಗ ರಮಣ್ ಲಾಂಬಾ ಹೆಸರು ಕೇಳಿರ್ತೀರಿ. 1998ರ ಫೆಬ್ರವರಿಯಲ್ಲಿ ಢಾಕಾದ ಕ್ಲಬ್ ಪಂದ್ಯದಲ್ಲಿ ಹೆಲ್ಮೆಟ್ ಇಲ್ಲದೆ ಬ್ಯಾಟರ್‌ನ ತೀರಾ ಹತ್ತಿರ, ಶಾರ್ಟ್ ಲೆಗ್‌ನಲ್ಲಿ ನಿಂತಿದ್ದರು. ಚೆಂಡು ಹಣೆಗೆ ತಾಗಿತು. ಅವರು ಎದ್ದು ನಡೆದೇ ಮೈದಾನದಿಂದ ಹೊರಗೆ ಹೋದರು. ಮೂರು ದಿನದಲ್ಲಿ ತೀರಿಕೊಂಡರು. ಅದು ಒಳಗೆ ರಕ್ತ ಸೋರಿದ್ದು, ಕನ್ಕಶನ್‌ಗಿಂತ ಬೇರೆ. ಆದರೆ ಯಾವುದು ಕನ್ಕಶನ್, ಯಾವುದು ರಕ್ತಸ್ರಾವ ಅಂತ ಅಂಕಣದ ಗೆರೆಯಲ್ಲಿ ನಿಂತ ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿ ಆದರೆ, ಫಿಟ್ಸ್ ಬಂದರೆ, ಕೈಕಾಲಿನ ಬಲ ಕಡಿಮೆಯಾದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರ ಆಗದಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಕುತ್ತಿಗೆ ನೋಯ್ತದೆ ಅಂದರೆ ಎತ್ತಿ ಕೂರಿಸುವುದೂ ಬೇಡ.

ಪಿ.ಡಿ. ಸರ್, ನಿಮ್ಮ ಹುಡುಗ ಎದುರು ತಂಡದ ಕಡೆಗೆ ನಡೆದನಲ್ಲ, ಅಲ್ಲಿಗೇ ಅವನ ಆಟ ಮುಗಿಯಬೇಕಿತ್ತು. ಅನುಮಾನ ಬಂದವರನ್ನು ಅದೇ ದಿನ ಮತ್ತೆ ಆಡಿಸಬಾರದು. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ಕ್ರೀಡಾ ಕನ್ಕಶನ್ ತಜ್ಞರೂ ಅದನ್ನೇ ಹೇಳಿದ್ದಾರೆ.

ಇನ್ನೊಂದು. ಹುಡುಗ ಸುಳ್ಳು ಹೇಳಿದ ಅಂತ ಅಂದುಕೊಳ್ಳಬೇಡಿ. ಲಕ್ಷಣ ಕೆಲವೊಮ್ಮೆ ಗಂಟೆಗಟ್ಟಲೆ ತಡವಾಗಿ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್‌ಗೆ ಜೋಫ್ರಾ ಆರ್ಚರ್‌ನ ಬೌನ್ಸರ್ ಕುತ್ತಿಗೆಗೆ ತಾಗಿತು. ಪರೀಕ್ಷೆ ಮಾಡಿದರು, ಪಾಸಾದರು, ಮತ್ತೆ ಬಂದು ಬ್ಯಾಟ್ ಮಾಡಿ 92 ರನ್‌ಗೆ ಔಟಾದರು. ಮರುದಿನ ಬೆಳಿಗ್ಗೆ ತಲೆನೋವು, ಮಂಕು. ಅವರ ಜಾಗಕ್ಕೆ ಲಾಬುಶೇನ್ ಬಂದರು. ಕನ್ಕಶನ್ ಆದವರಿಗೆ ಬದಲಿ ಆಟಗಾರ ಅನ್ನುವ ಆ ನಿಯಮ ಐಸಿಸಿ ತಂದದ್ದು ಆ ತಿಂಗಳ ಒಂದನೇ ತಾರೀಕಿಗೆ. ನಿಯಮ ಬಂದು ಮೂರು ವಾರ ಆಗಿರಲಿಲ್ಲ.

ಬಿ.ಕಾಂ. ರೈಡರ್
ಗುರುವಾರ, ರಾತ್ರಿ 11.20

ನಾನು ಈಗ ಆಡ್ತಾ ಇರುವವನು, ಕ್ರೀಡಾ ಕೋಟಾದಲ್ಲಿ ಸೀಟು. ಹಾಸ್ಟೆಲ್, ಊಟ, ಫೀಸು ಎಲ್ಲ ಅದರಲ್ಲೇ. ಸರ್, ಕೇಳಿದ್ರಿ ಅಂತ ಹೇಳ್ತೇನೆ, ಬೇಜಾರು ಮಾಡಬೇಡಿ.

ನೀವು "ಆಡ್ತೀಯಾ?" ಅಂತ ಕೇಳಿದ್ರಿ. ಮೂರು ಅಂಕ ಹಿಂದೆ ಇರುವಾಗ, ಎರಡು ಸಾವಿರ ಜನರ ಎದುರು, ಆರು ಜನ ಫ್ರೆಂಡ್ಸ್ ಅಂಕಣದಲ್ಲಿ ನಿಂತು ನೋಡ್ತಾ ಇರುವಾಗ. ಅದಕ್ಕೆ ಇಲ್ಲ ಅನ್ನುವ ಹುಡುಗ ನಮ್ಮ ಜಿಲ್ಲೆಯಲ್ಲಿ ಇಲ್ಲ ಸರ್. ಅದು ಪ್ರಶ್ನೆ ಅಂತ ನಮಗೆ ಕೇಳಿಸುವುದೇ ಇಲ್ಲ.

ಎರಡನೇದು, ನನಗೆ ಎರಡು ವರ್ಷದ ಹಿಂದೆ ತಲೆಗೆ ತಾಗಿದಾಗ ನಾನು ಹೇಳಲಿಲ್ಲ, ಯಾಕೆ ಅಂದ್ರೆ ಮುಂದಿನ ವಾರ ವಿಶ್ವವಿದ್ಯಾನಿಲಯ ತಂಡದ ಸೆಲೆಕ್ಷನ್ ಇತ್ತು. ಮೆಡಿಕಲ್‌ನಿಂದ ತಲೆನೋವಿನ ಮಾತ್ರೆ ತಗೊಂಡು ಹೋಗಿ ಟ್ರಯಲ್ಸ್ ಕೊಟ್ಟೆ. ಸೆಲೆಕ್ಟ್ ಆಗ್ಲಿಲ್ಲ. ರೈಡಿಗೆ ಹೋದರೆ ಕಾರ್ನರ್‌ನವನ ಕೈ ಕಾಣುವಷ್ಟರಲ್ಲಿ ಹಿಡಿದು ಆಗಿರ್ತಿತ್ತು.

ಮೂರನೇದು ಮನೆ. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ತಲೆಗೆ ತಾಗಿದೆ ಅಂತ ಗೊತ್ತಾದ್ರೆ ಅಮ್ಮ ಆ ದಿನವೇ ಕಬಡ್ಡಿ ಬಂದ್ ಮಾಡ್ತಾರೆ. ಒಂದು ಪಂದ್ಯ ತಪ್ಪುವುದಕ್ಕೆ ನಾನು ಹೆದರಲಿಲ್ಲ. ಆಟವೇ ನಿಂತು ಹೋದರೆ ಅಂತ ಹೆದರಿದ್ದು.

ಫಿಸಿಯೋ ಅಕ್ಕ
ಗುರುವಾರ, ರಾತ್ರಿ 11.41

ತಮ್ಮ, ಇಷ್ಟು ಬಿಚ್ಚಿ ಹೇಳಿದ್ದು ದೊಡ್ಡ ವಿಷಯ. ನೀನು ಹೇಳಿದ್ದನ್ನೇ ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್ ಹುಡುಗರೂ ಹೇಳಿದ್ದಾರೆ. ಅಲ್ಲಿನ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿ ಮೈಮೇಲೆ ಬೀಳುವ ಆಟ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1,532 ಆಟಗಾರರನ್ನು ಕೇಳಿದರು. ಆ ಸೀಸನ್‌ನಲ್ಲಿ ಕನ್ಕಶನ್ ಆದವರಲ್ಲಿ ಯಾರಿಗಾದರೂ ಹೇಳಿಕೊಂಡವರು ಶೇ. 47 ಮಾತ್ರ. ಹೇಳದವರಲ್ಲಿ ಮೂರನೇ ಎರಡು ಪಾಲು ಜನ ಕೊಟ್ಟ ಕಾರಣ, ಇದು ಅಷ್ಟು ದೊಡ್ಡದು ಅಂತ ಅನಿಸಲಿಲ್ಲ. ಶೇ. 41 ಮಂದಿ ಆಟದಿಂದ ಹೊರಗಿಡ್ತಾರೆ ಅಂತ ಸುಮ್ಮನಿದ್ದರು. ಆಗಿದ್ದು ಕನ್ಕಶನ್ ಅಂತಲೇ ಗೊತ್ತಾಗದವರು ಶೇ. 36. ಒಬ್ಬನೇ ಎರಡು ಮೂರು ಕಾರಣ ಹೇಳಿದ್ದೂ ಉಂಟು, ನಿನ್ನ ಹಾಗೆ.

ಸೆಲೆಕ್ಷನ್ ತಪ್ಪಬಾರದು ಅಂತ ಮುಚ್ಚಿಟ್ಟೆ, ಅಲ್ಲವಾ? 2016ರ ಇನ್ನೊಂದು ಅಧ್ಯಯನ ಕೇಳು. ಪೆಟ್ಟು ಬಿದ್ದ ಕೂಡಲೇ ಹೊರಗೆ ಬಂದ ಹದಿಹರೆಯದವರು ಸರಾಸರಿ 22 ದಿನದಲ್ಲಿ ಸುಧಾರಿಸಿದರು. ಹೊರಗೆ ಬರದೆ ಆಟ ಮುಂದುವರಿಸಿದವರಿಗೆ 44 ದಿನ ಬೇಕಾಯಿತು. ಸಣ್ಣ ಅಧ್ಯಯನ, 69 ಜನರದ್ದು, ಆದರೂ ನಾನು ಪ್ರತಿ ತಂಡಕ್ಕೆ ಇದನ್ನೇ ಹೇಳುವುದು. "ಮಿದುಳು ಹಾಳಾಗ್ತದೆ" ಅಂದರೆ ಹತ್ತೊಂಬತ್ತರ ಹುಡುಗರಿಗೆ ಅದು ಅಜ್ಜನ ವಯಸ್ಸಿನ ಮಾತು. "ಈಗ ಹೇಳಿದರೆ ಮೂರು ವಾರ, ಮುಚ್ಚಿಟ್ಟರೆ ಆರು ವಾರ" ಅಂದರೆ ಕ್ಯಾಲೆಂಡರ್ ತೆಗೆದು ಎಣಿಸ್ತಾರೆ.

ಮಾತ್ರೆಯ ವಿಷಯ. ನೋವಿನ ಮಾತ್ರೆ ಲಕ್ಷಣವನ್ನು ಮುಚ್ಚಿಬಿಡುತ್ತದೆ, ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚುವ ಭಯವೂ ಉಂಟು. ಡಾಕ್ಟರು ನೋಡುವ ಮೊದಲು ನುಂಗಬೇಡಿ.

ಥ್ರೋಬಾಲ್‌ನಿಂದ ಕಬಡ್ಡಿಗೆ
ಶುಕ್ರವಾರ, ಬೆಳಿಗ್ಗೆ 6.55

ತಕ್ಷಣ ಹೇಳಿದವರು ಯಾಕೆ ಹೇಳಿದರು ಅಂತ ಸರ್ ಕೇಳಿದ್ದಾರೆ. ನಾನು ಹೇಳಿದವಳು, ಹಾಗಾಗಿ ಬರೀತೇನೆ.

ನಮ್ಮ ತಂಡದ ಸೀನಿಯರ್ ಅಕ್ಕನಿಗೆ ಹಿಂದೊಮ್ಮೆ ತಲೆಗೆ ತಾಗಿ, ಮುಚ್ಚಿಟ್ಟು, ಒಂದು ಸೆಮಿಸ್ಟರ್ ಪೂರ್ತಿ ಓದಲಿಕ್ಕೆ ಆಗಿರಲಿಲ್ಲ. ಆಮೇಲೆ ಕ್ಯಾಪ್ಟನ್ ಆದಾಗ ಮೊದಲ ದಿನವೇ ನಮ್ಮನ್ನು ಸುತ್ತ ಕೂರಿಸಿ ಹೇಳಿದರು: "ತಲೆಗೆ ತಾಗಿದರೆ ನಂಗೆ ಹೇಳಿ. ನೀವು ಹೊರಗೆ ಕೂತಷ್ಟು ದಿನ ನಿಮ್ಮ ಜೆರ್ಸಿ ನಂಬರ್ ಯಾರಿಗೂ ಕೊಡುವುದಿಲ್ಲ." ಬರೀ ಮಾತಾಗಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ ನನಗಿಂತ ಮೊದಲು ಒಬ್ಬಳಿಗೆ ಹಾಗಾಯಿತು, ಹದಿನಾಲ್ಕು ದಿನ ಕೂತಳು, ಮತ್ತೆ ಬಂದಾಗ ಅವಳ ಜಾಗ ಅವಳಿಗೇ ಸಿಕ್ಕಿತು. ಅದನ್ನು ನಾನು ಕಣ್ಣಾರೆ ನೋಡಿದ್ದೆ.

ನನಗೆ ಮ್ಯಾಟಿಗೆ ಹಿಂದಲೆ ಬಡಿದಾಗ ಐದು ನಿಮಿಷದೊಳಗೆ ಹೇಳಿದೆ. ನಿಜ ಹೇಳಬೇಕಂದ್ರೆ ಮೊದಲು ಹೇಳಿದ್ದು ನಾನಲ್ಲ, ನನ್ನ ಪಕ್ಕ ಕೈ ಹಿಡಿದು ನಿಂತಿದ್ದವಳು. ಚೈನ್ ಹಿಡಿಯುವಾಗ ನಾನು ತಪ್ಪು ಕೈ ಕೊಟ್ಟೆ, ಅದು ಅವಳಿಗೆ ಗೊತ್ತಾಯಿತು. ಟೈಮ್ ಔಟ್ ಕೇಳಿದಳು.

ಹುಡುಗಿಯರು ಬೇಗ ಹೇಳ್ತಾರೆ ಅಂತ ಹೇಳ್ತಾರಲ್ಲ, ಇರಬಹುದು. ಆದರೆ ಮನೆಯ ಹೆದರಿಕೆ ನಮಗೆ ಎರಡು ಪಾಲು. ಹುಡುಗನಿಗೆ ಪೆಟ್ಟಾದರೆ ಆಟದಲ್ಲಿ ಆದದ್ದು ಅಂತಾರೆ. ನಮಗೆ ಆದರೆ ಮದುವೆಯ ಮಾತು ಎತ್ತುತ್ತಾರೆ. ನನ್ನ ಮನೆಗೆ ಕೋಚ್ ಮೇಡಂ ಸ್ವತಃ ಬಂದು, ಅಮ್ಮ ಕೊಟ್ಟ ಚಾ ಕುಡಿದು, ಒಂದು ಗಂಟೆ ಕೂತು ವಿವರಿಸಿದರು. ಇಲ್ಲದಿದ್ದರೆ ನಾನೂ ಆಟ ಬಿಟ್ಟವರ ಪಟ್ಟಿಯಲ್ಲೇ.

ಕುಂದಾಪ್ರದ ಆಯೋಜಕ
ಶುಕ್ರವಾರ, ಬೆಳಿಗ್ಗೆ 8.30

ನಾವು ಪ್ರತಿ ವರ್ಷ ಪಂದ್ಯಾಟ ಮಾಡುವವರು ಮರ್ರೆ, ನಮ್ಮ ಕಡೆಯ ಮಾತೂ ಒಂದು ಕೇಣಿ. ಮೂವತ್ತು ನಲವತ್ತು ತಂಡ ಬತ್ತ್. ರಾತ್ರಿ ಒಂದು ಗಂಟೆ ಆಯ್ತಂದ್ರೆ ಮೈಕಿನ ಸದ್ದು, ಲೈಟು, ಧೂಳು, ಹೊಟ್ಟೆಗೂ ಸರಿ ಇಲ್ಲ, ನಿದ್ದೆಯೂ ಇಲ್ಲ. ಅಷ್ಟೊತ್ತಿಗೆ ಎಲ್ಲರಿಗೂ ತಲೆನೋವೇ. ಪೆಟ್ಟಿನ ತಲೆನೋವು ಯಾವುದು, ನಿದ್ದೆಗೆಟ್ಟ ತಲೆನೋವು ಯಾವುದು ಅಂತ ಆ ಹುಡುಗನಿಗೇ ತಿಳಿಯುವುದಿಲ್ಲ. ಅವನು ಹೇಳಲಿಲ್ಲ ಅಂತ ಬೈದು ಪ್ರಯೋಜನ ಇಲ್ಲ.

ಆಂಬ್ಯುಲೆನ್ಸ್ ನಾವು ನಿಲ್ಲಿಸ್ತೇವೆ. ಡಾಕ್ಟರು ಬೆಳಗಿನ ತನಕ ಕೂರುವುದು ಕಷ್ಟ. ಆದರೆ ಒಂದು ಮಾಡಬಹುದು. ಅಂಪೈರ್ ತೀರ್ಮಾನವೇ ಅಂತಿಮ ಅಂತ ಹ್ಯಾಂಡ್‌ಬಿಲ್‌ನಲ್ಲಿ ಹಾಕ್ತೇವಲ್ಲ, ಅದರ ಕೆಳಗೇ ತಲೆಗೆ ಪೆಟ್ಟಾದ ಆಟಗಾರನನ್ನು ಅಂಪೈರ್ ಹೊರಗೆ ಕಳಿಸಿದರೆ ಆ ದಿನ ಮತ್ತೆ ಇಳಿಸುವಂತಿಲ್ಲ ಅಂತ ಸೇರಿಸಬಹುದು. ಬೆಂಚಿನಲ್ಲಿ ಬದಲಿ ಆಟಗಾರ ಇದ್ದೇ ಇರ್ತಾರೆ. ಹುಡುಗ ಹೆದರಿ ಹೊರಗೆ ಹೋದ ಅನ್ನುವ ಮಾತು ಅಲ್ಲಿಗೆ ಇಲ್ಲ, ಅಂಪೈರ್ ಕಳಿಸಿದ್ದು ಅಂತ ಆಯ್ತು. ಮುಂದಿನ ಸಭೆಯಲ್ಲಿ ನಾನು ಇದನ್ನು ಇಡ್ತೇನೆ.

ಹಳೇ ಮಣ್ಣಿನ ಅಂಕಣ
ಶುಕ್ರವಾರ, ಬೆಳಿಗ್ಗೆ 9.15

ನಿನ್ನೆ ರಾತ್ರಿ ನಾನು ಬರೆದದ್ದನ್ನು ಮತ್ತೆ ಓದಿದೆ. ಯಾರಿಗೂ ಏನೂ ಆಗಿಲ್ಲ ಅಂತ ಬರೆದಿದ್ದೆ. ಅದು ಸರಿಯಲ್ಲ. ನಮ್ಮ ತಂಡದಲ್ಲಿ ಒಬ್ಬ ಇದ್ದ, ಒಳ್ಳೆ ಕ್ಯಾಚರ್. ಒಂದೇ ಸೀಸನ್‌ನಲ್ಲಿ ಮೂರು ಸಲ ತಲೆಗೆ ತಾಗಿತು. ಆಮೇಲೆ ಸಣ್ಣ ಸಣ್ಣದಕ್ಕೆ ಸಿಟ್ಟು, ಕೆಲಸದಲ್ಲಿ ನಿಲ್ಲುತ್ತಿರಲಿಲ್ಲ, ಬಿಸಿಲಿಗೆ ಹೋದರೆ ತಲೆ ಹಿಡಿದು ಕೂರುತ್ತಿದ್ದ. ನಾವು ಅವನಿಗೆ ಅಹಂಕಾರ ಬಂತು ಅಂದುಕೊಂಡೆವು. ಆ ಪೆಟ್ಟಿನಿಂದಲೇ ಆಯಿತು ಅಂತ ಹೇಳಲು ನಾನು ಡಾಕ್ಟರಲ್ಲ. ಆದರೆ ಆಗ ಒಬ್ಬರೂ ಕೇಳಲಿಲ್ಲ. ಈಗ ಅವನು ಊರಲ್ಲೇ ಇದ್ದಾನೆ. ಇವತ್ತು ಸಂಜೆ ಹೋಗಿ ಮಾತಾಡಿಸಿ ಬರ್ತೇನೆ.

ಕದ್ರಿಯ ಅಮ್ಮ
ಶುಕ್ರವಾರ, ಬೆಳಿಗ್ಗೆ 10.20

ಮಗ ಹತ್ತನೇ ಕ್ಲಾಸ್, ಫುಟ್‌ಬಾಲ್ ಆಡ್ತಾನೆ. ಇದನ್ನೆಲ್ಲ ಓದಿ ಮಂಡೆ ಬೆಚ್ಚ ಆಗಿದೆ. ಒಂದು ಕೇಳ್ತೇನೆ. ತಲೆಗೆ ಪೆಟ್ಟಾದ ದಿನ ರಾತ್ರಿ ಮಲಗಲು ಬಿಡಬಾರದು ಅಂತಾರಲ್ಲ, ಹೌದಾ? ಮತ್ತೆ ಎಷ್ಟು ದಿನ ಕತ್ತಲೆ ಕೋಣೆಯಲ್ಲಿ ಇಡಬೇಕು?

ಫಿಸಿಯೋ ಅಕ್ಕ
ಶುಕ್ರವಾರ, ಮಧ್ಯಾಹ್ನ 1.05

ಡಾಕ್ಟರು ನೋಡಿ ಅಪಾಯ ಇಲ್ಲ ಅಂದ ಮೇಲೆ ಮಲಗಲಿ, ನಿದ್ದೆ ಒಳ್ಳೆಯದೇ. ಮೊದಲ ರಾತ್ರಿ ಒಬ್ಬನೇ ಇರಬಾರದು, ಅಷ್ಟೇ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಕೂಡಿ ಹಾಕುವುದು ಹಳೇ ಕ್ರಮ. ಈಗ ಹೇಳುವುದು ಒಂದೆರಡು ದಿನ ಆರಾಮ, ಮೊಬೈಲ್ ಕಡಿಮೆ, ಆಮೇಲೆ ಮೆಲ್ಲಗೆ ನಡೆಯುವುದು. ಮೊದಲು ಶಾಲೆಗೆ ಸರಿಯಾಗಿ ಹೋಗುವಂತಾಗಲಿ, ಪೂರ್ತಿ ಆಟ ಅದರ ನಂತರ. ನಡಿಗೆ, ಓಟ, ಮೈ ತಾಗದ ಅಭ್ಯಾಸ, ಡಾಕ್ಟರು ಒಪ್ಪಿದ ಮೇಲೆ ಮೈ ತಾಗುವ ಅಭ್ಯಾಸ, ಕೊನೆಗೆ ಪಂದ್ಯ. ಒಂದೊಂದು ಹಂತಕ್ಕೆ ಕನಿಷ್ಠ ಒಂದು ದಿನ. ಮತ್ತೆ ತೊಂದರೆ ಜಾಸ್ತಿ ಆದರೆ ಹಿಂದಿನ ಹಂತಕ್ಕೆ.

ಮತ್ತೆ, ಮಗ ಬಂದು ಹೇಳಿದರೆ ಮೊದಲ ಮಾತು "ಇನ್ನು ಆಟ ಬೇಡ" ಅಂತ ಆಗದಿರಲಿ ಅಕ್ಕ. ಮುಂದಿನ ಸಲ ಅವನು ಹೇಳುವುದಿಲ್ಲ.

ಪಿ.ಡಿ. ಸರ್, "ಆಡ್ತೀಯಾ" ಬದಲು ಕೇಳಲು ಪ್ರಶ್ನೆಗಳುಂಟು. ನಾವು ಇವತ್ತು ಯಾವ ಮೈದಾನದಲ್ಲಿದ್ದೇವೆ? ಇದು ಮೊದಲಾರ್ಧವಾ, ದ್ವಿತೀಯಾರ್ಧವಾ? ಕೊನೇ ಅಂಕ ಯಾರಿಗೆ? ಹಿಂದಿನ ಪಂದ್ಯ ಯಾರ ಮೇಲೆ ಆಡಿದೆವು, ಗೆದ್ದೆವಾ? ಹತ್ತಿರ ಹೋಗಿ, ಮೆಲ್ಲಗೆ ಕೇಳಿ. ಒಂದು ತಪ್ಪಿದರೂ ಹೊರಗೆ. ಎಲ್ಲ ಸರಿ ಹೇಳಿದ ಮಾತ್ರಕ್ಕೆ ಒಳಗೆ ಅಂತಲ್ಲ. ನಿಮ್ಮ ಕಣ್ಣಿಗೆ ಏನಾದರೂ ಸರಿ ಕಾಣದಿದ್ದರೆ ಅಷ್ಟು ಸಾಕು. ಪೆಟ್ಟು ತಿಂದದ್ದೂ ಮಿದುಳು, ನನಗೇನೂ ಆಗಿಲ್ಲ ಅಂತ ತೀರ್ಮಾನ ಮಾಡುವುದೂ ಅದೇ ಮಿದುಳು. ಅದರ ಕೈಯಲ್ಲಿ ತೀರ್ಪು ಕೊಡಬೇಡಿ.

ಉಡುಪಿಯ ಪಿ.ಡಿ.
ಶುಕ್ರವಾರ, ಸಂಜೆ 7.30

ಎಲ್ಲರದ್ದೂ ಓದಿದೆ. ರೈಡರ್ ಹುಡುಗ ಬರೆದದ್ದನ್ನು ಮೂರು ಸಲ ಓದಿದೆ. ನಾನು ಕೇಳಿದ್ದು ಪ್ರಶ್ನೆಯೇ ಆಗಿರಲಿಲ್ಲ, ಒಪ್ಪಿದೆ. ಇಪ್ಪತ್ತೆರಡು ವರ್ಷದಿಂದ ಅದೇ ಮಾತು, ಅದೇ ದನಿಯಲ್ಲಿ ಕೂಗಿದ್ದೇನೆ. ಅದಕ್ಕೆ ಎಷ್ಟು ಹುಡುಗರು ಹೆಬ್ಬೆರಳು ಎತ್ತಿರಬಹುದು ಅಂತ ಇವತ್ತು ಇಡೀ ದಿನ ಯೋಚನೆ.

ಮಧ್ಯಾಹ್ನ ಹುಡುಗನ ಮನೆಗೆ ಹೋಗಿದ್ದೆ. ಅವನ ತಾಯಿಗೆ ಎಲ್ಲ ವಿವರಿಸಿದೆ. ಅವರು ಸಿಟ್ಟಾಗಲಿಲ್ಲ, ಅದೇ ನನಗೆ ಕಷ್ಟ ಆದದ್ದು. ತಲೆನೋವು ಸ್ವಲ್ಪ ಕಡಿಮೆ ಉಂಟಂತೆ. ಅಂತರ ಕಾಲೇಜು ಪಂದ್ಯಾಟಕ್ಕೆ ಅವನ ಹೆಸರು ಪಟ್ಟಿಯಿಂದ ತೆಗೆದಿಲ್ಲ, ಗುಣವಾದರೆ ಆಡ್ತಾನೆ, ಆಗದಿದ್ದರೆ ಜೆರ್ಸಿ ಹಾಕಿ ಬೆಂಚಿನಲ್ಲಿ ಕೂರ್ತಾನೆ ಅಂತ ಅವನ ಎದುರೇ ಹೇಳಿ ಬಂದೆ.

ಲೆಫ್ಟ್ ಕವರ್
ಶುಕ್ರವಾರ, ರಾತ್ರಿ 8.50

ಸರ್, ಇದು ನಾನು. ಕೈ ಹಿಡಿದು ತಿರುಗಿಸಿದವ.

ಹೊಸ ಐಡಿ ಮಾಡಿ ಬರೀತಾ ಇದ್ದೇನೆ. ಅವತ್ತು ನನಗೆ ಗೊತ್ತಾಗಿತ್ತು ಸರ್. ಅವನ ಕೈ ಹಿಡಿದಾಗ ಅವನು ನನ್ನನ್ನು ನೋಡಿದ, ಆದರೆ ಯಾರು ಅಂತ ಗೊತ್ತಿಲ್ಲದವನ ಹಾಗೆ ನೋಡಿದ. ವಾಪಸ್ ಬರುವಾಗ ಟೆಂಪೋದಲ್ಲಿ ಸೆಮಿಫೈನಲ್ ಗೆದ್ದೆವಾ ಅಂತ ಮೂರು ಸಲ ಕೇಳಿದ. ಮೂರು ಸಲವೂ ನಾನು ಹೌದು ಅಂದೆ. ಸರ್‌ಗೆ ಹೇಳಬೇಡ ಅಂತ ಅವನು ಹೇಳಿದ್ದ. ಡ್ಯಾಶ್ ಕೊಟ್ಟದ್ದು ನಾನೇ. ಹೇಳಿದರೆ ನನ್ನಿಂದ ಆದದ್ದು ಅಂತ ಆಗ್ತದೆ ಅಂತ ನಾನೂ ಸುಮ್ಮನಿದ್ದೆ.

ಉಡುಪಿಯ ಪಿ.ಡಿ.
ಶುಕ್ರವಾರ, ರಾತ್ರಿ 9.02

ಡ್ಯಾಶ್ ಸರಿಯಾಗಿಯೇ ಇತ್ತು ಮಗ. ನಾನು ಕಲಿಸಿದ ಡ್ಯಾಶ್ ಅದು.

ನಾಳೆ ಬೆಳಿಗ್ಗೆ ಪ್ರಾಕ್ಟೀಸಿಗೆ ಹದಿನೈದು ನಿಮಿಷ ಬೇಗ ಬಾ. ತಂಡವನ್ನು ಸುತ್ತ ಕೂರಿಸುವ. ಟೆಂಪೋದಲ್ಲಿ ಅವನು ಕೇಳಿದ್ದು, ನೀನು ಹೇಳಿದ್ದು, ಅದನ್ನು ನಿನ್ನ ಬಾಯಲ್ಲೇ ಅವರಿಗೆ ಹೇಳು. ಆಮೇಲೆ ನಾನು ಕೂಗಿದ್ದನ್ನು ನಾನು ಹೇಳ್ತೇನೆ.